ಟ್ರೇಲರಿನಲ್ಲಿ ನೋಡುವುದೇನಿದೆ ಎನ್ನುವವರಿಗೆ

ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೊರಟ ರೈತ ಒಬ್ಬನೇ ಹೋಗುವುದಿಲ್ಲ. ಜೊತೆಗೆ ಗೊತ್ತಿರುವ ಮೆಕ್ಯಾನಿಕ್ ಇರುತ್ತಾನೆ, ಟ್ರ್ಯಾಕ್ಟರ್ ಓಡಿಸಿ ಪಳಗಿದ ಭಾವನೋ ಅಳಿಯನೋ ಇರುತ್ತಾನೆ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ, ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ತಿಕ್ಕುತ್ತಾರೆ, ಕ್ಲಚ್ಚು, ಗೇರು, ಲಿಫ್ಟು ಒಂದೊಂದನ್ನೂ ಪರೀಕ್ಷಿಸುತ್ತಾರೆ. ಅದೇ ರೈತ ಮರುವಾರ ಅದರ ಹಿಂದೆ ಕಟ್ಟಲು ಹಳೆಯ ಟ್ರೇಲರ್ ಕೊಳ್ಳಲು ಹೋದರೆ ಕಾಲು ಗಂಟೆಯಲ್ಲಿ ವ್ಯಾಪಾರ ಮುಗಿದುಹೋಗುತ್ತದೆ. ಟಯರಿಗೆ ಒಂದು ಒದೆ, ಬಾಡಿಯ ಸುತ್ತ ಒಂದು ಸುತ್ತು, ತಳದ ಪ್ಲೇಟಿನ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ದರದ ಮಾತು. ಯಾರಾದರೂ ಕೆಳಗೆ ಬಗ್ಗಿದರೆ ಮಾರುವವನಿಗಿಂತ ಮೊದಲು ಜೊತೆಯಲ್ಲಿ ಬಂದವರೇ ತಡೆಯುತ್ತಾರೆ. "ಟ್ರೇಲರಿನಲ್ಲಿ ನೋಡೋದೇನಿದೆ ಗೌಡ್ರೇ? ಇಂಜಿನ್ನಾ, ಗೇರಾ? ಕಬ್ಬಿಣ ತಾನೆ!" ಬಾಗಲಕೋಟೆಯ ಕಡೆ ಹೋದರೆ ಅದೇ ಮಾತು: "ಏನೈತ್ರೀ ನೋಡಾಕ, ಬರೇ ಕಬ್ಬಿಣ ಐತಿ."

ಮಂಡ್ಯದಿಂದ ಬೆಳಗಾವಿಯವರೆಗೆ ಈ ಮಾತಿಗೆ ಎದುರಿಲ್ಲ. ಓದಿದವರೂ ಹೇಳುತ್ತಾರೆ, ಓದದವರೂ ಹೇಳುತ್ತಾರೆ, ಹತ್ತಾರು ಟ್ರೇಲರ್ ಕೊಂಡು ಮಾರಿದ ದಲ್ಲಾಳಿಯಂತೂ ಹೇಳಿಯೇ ಹೇಳುತ್ತಾನೆ. ಇದು ಬರೀ ಅಸಡ್ಡೆಯ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಒಂದೆರಡು ಲಕ್ಷ ರೂಪಾಯಿಯ ವ್ಯವಹಾರವನ್ನು ಕಣ್ಣುಮುಚ್ಚಿ ಮಾಡಿಸುವುದು ಈ ಮಾತೇ. ಬಿರುಕು ಬಿಟ್ಟ ಆಕ್ಸಲ್ಲನ್ನು ಮತ್ತೆ ರಸ್ತೆಗೆ ಇಳಿಸುವುದೂ, ದಾಖಲೆಯಿಲ್ಲದ ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವುದೂ ಇದೇ. ಹಾಗಾಗಿ ಇದನ್ನು ತುಂಡು ತುಂಡಾಗಿ ಬಿಡಿಸಿ ಅಲ್ಲಗಳೆಯಬೇಕಾಗಿದೆ.

ಮೊದಲು ತೂಕದ ವಾದ. "ಏನೇ ಆದರೂ ಗುಜರಿಗೆ ಹಾಕಿದರೆ ದುಡ್ಡು ಬರುತ್ತದೆ" ಎನ್ನುವುದು ಇದರ ಬೆನ್ನೆಲುಬು. ದುಡ್ಡು ಬರುವುದು ನಿಜ, ಆದರೆ ಗುಜರಿಯ ದರದಲ್ಲಿ. ಕೊಟ್ಟದ್ದು ಓಡುವ ಗಾಡಿಯ ದರ. ಈ ಎರಡರ ನಡುವಿನ ಅಂತರವೇ ಕೊಂಡವನ ನಷ್ಟ. ಇನ್ನೊಂದು ಲೆಕ್ಕವೂ ಇದೆ. ಟ್ರೇಲರಿನ ತೂಕದ ಬಹುಪಾಲು ಇರುವುದು ತಳದ ಪ್ಲೇಟು, ಪಕ್ಕದ ಬಾಗಿಲು, ಚಾಸಿಯ ಚಾನೆಲ್‌ಗಳಲ್ಲಿ. ಹೊರೆಯನ್ನೆಲ್ಲ ಹೊತ್ತು ಉರುಳುವ ಭಾಗಗಳು ತೂಕದಲ್ಲಿ ಚಿಕ್ಕವು. 75 ಮಿಲಿಮೀಟರ್ ಚೌಕದ ಆಕ್ಸಲ್ ಸರಳು ಮೀಟರಿಗೆ ಸುಮಾರು 44 ಕೆ.ಜಿ. ತೂಗುತ್ತದೆ. ಅಂಥ ಎರಡು ಮೀಟರ್ ಸರಳು, ಅದರ ಎರಡು ತುದಿಯ ಹಬ್ಬುಗಳು, ಒಳಗಿನ ಬೇರಿಂಗ್‌ಗಳು, ಮುಂದೆ ಟ್ರ್ಯಾಕ್ಟರಿಗೆ ತಗುಲುವ ಬಳೆ, ಒಂದು ಪಿನ್ನು: ಐದಾರು ಟನ್ ಜಲ್ಲಿ ತುಂಬಿದ ಗಾಡಿಯ ಭಾರವೆಲ್ಲ ನಿಂತಿರುವುದು ಇಷ್ಟರ ಮೇಲೆ. ವೇಬ್ರಿಜ್ಜಿಗೆ ಹತ್ತಿಸಿದರೆ ಒಳ್ಳೆಯ ಆಕ್ಸಲ್ಲೂ ಬಿರುಕು ಬಿಟ್ಟ ಆಕ್ಸಲ್ಲೂ ಒಂದೇ ಅಂಕಿ ತೋರಿಸುತ್ತವೆ.

ಆದ್ದರಿಂದ ನೋಡುವ ಕೆಲಸ ಶುರುವಾಗಬೇಕಾದದ್ದು ಟಯರಿನಿಂದಲ್ಲ, ಮುಂದಿನ ಬಳೆಯಿಂದ. ಎರಡು ಚಕ್ರದ ಟ್ರೇಲರಿನಲ್ಲಿ ಹೊರೆಯ ಒಂದು ಪಾಲು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂತಿರುತ್ತದೆ. ರಸ್ತೆಯ ಪ್ರತಿ ಗುಂಡಿಯಲ್ಲೂ ಬಳೆ ಪಿನ್ನಿಗೆ ಬಡಿಯುತ್ತದೆ. ವರ್ಷಗಟ್ಟಲೆ ಬಡಿದು ಬಡಿದು ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಬಳೆಯ ಒಂದು ಕಡೆಯ ಗೋಡೆ ತೆಳುವಾಗಿರುತ್ತದೆ. ಬೆರಳಾಡಿಸಿದರೆ ಸವೆದ ಜಾಗ ಕೈಗೇ ಸಿಗುತ್ತದೆ. ಪಿನ್ನಿನ ತುದಿಯಲ್ಲಿ ಲಾಕ್ ಇರಬೇಕಾದ ಕಡೆ ಬಾಗಿಸಿದ ಮೊಳೆಯೋ ಬೈಂಡಿಂಗ್ ವಯರೋ ಸಿಕ್ಕಿಸಿದ್ದರೆ, ಆ ಗಾಡಿಯನ್ನು ಇಷ್ಟು ದಿನ ಹೇಗೆ ನಡೆಸಿಕೊಂಡರು ಎನ್ನುವುದು ಬೇರೆ ಕೇಳಬೇಕಾಗಿಲ್ಲ. ಬಳೆಯಿಂದ ಹಿಂದಕ್ಕೆ ಬಂದರೆ ಚಾಸಿಯಿಂದ ಚಾಚಿಕೊಂಡ ತ್ರಿಕೋನದ ಚಾನೆಲ್‌ಗಳು. ಅವು ಚಾಸಿಗೆ ಕೂಡುವ ಎರಡು ಮೂಲೆಗಳಲ್ಲೇ ಎಳೆತವೂ ತಿರುಚುವಿಕೆಯೂ ಒಟ್ಟಾಗಿ ಬೀಳುವುದು. ಬಿರುಕು ಏಳುವುದೂ ಅಲ್ಲೇ, ವೆಲ್ಡಿಂಗಿನ ಅಂಚಿನಲ್ಲಿ.

ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ನೋಡಿ ಪ್ರಯೋಜನವಿಲ್ಲ ಎನ್ನುವವರಿದ್ದಾರೆ. ಕಾಣಿಸುವ ದಾರಿ ಇದೆ, ಬಹಳ ಹಳೆಯದು. ಅನುಮಾನದ ಜಾಗದ ಬಣ್ಣವನ್ನು ವಯರ್ ಬ್ರಶ್ಶಿನಿಂದ ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಅದರ ಮೇಲೆ ಚಿಂದಿ ಬಟ್ಟೆಯಲ್ಲಿ ಡೀಸೆಲ್ ಸವರಿ ಕಾಲು ಗಂಟೆ ಬಿಡಬೇಕು. ಬಳಿಕ ಒಣಬಟ್ಟೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸಿ, ಶಾಲೆಯ ಸೀಮೆಸುಣ್ಣವನ್ನು ಅಡ್ಡಹಿಡಿದು ತಿಕ್ಕಬೇಕು. ಸುತ್ತಿಗೆಯಿಂದ ಪಕ್ಕದಲ್ಲಿ ನಾಲ್ಕು ಸಲ ಮೆಲ್ಲಗೆ ಬಡಿದು ಕಾದರೆ, ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಗೆ ಬಂದು ಬಿಳಿ ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯಾಗಿ ಮೂಡುತ್ತದೆ. ಬಿರುಕಿಲ್ಲದಿದ್ದರೆ ಸುಣ್ಣ ಬೆಳ್ಳಗೇ ಉಳಿಯುತ್ತದೆ. ರೈಲ್ವೆ ಕಾರ್ಖಾನೆಗಳಲ್ಲಿ ಆಕ್ಸಲ್ಲುಗಳನ್ನು ಬಹುಕಾಲ ಹೀಗೆಯೇ ಪರೀಕ್ಷಿಸುತ್ತಿದ್ದರು. ಇದಕ್ಕೆ ಬೇಕಾದ ಡೀಸೆಲ್ ಒಂದು ಲೋಟವೂ ಆಗುವುದಿಲ್ಲ.

ಬಿರುಕು ಸಿಕ್ಕಾಗ ಏಳುವುದು ಎರಡನೆಯ ವಾದ. "ಅಷ್ಟೇ ತಾನೆ, ಒಂದು ವೆಲ್ಡಿಂಗ್ ಹೊಡೆಸಿದರೆ ಮುಗೀತು." ನಮ್ಮ ಹಳ್ಳಿಗಳಲ್ಲಿ ವೆಲ್ಡಿಂಗ್ ಅಂಗಡಿಯ ಮೇಲಿರುವಷ್ಟು ನಂಬಿಕೆ ಬೇರೆ ಯಾವ ಅಂಗಡಿಯ ಮೇಲೂ ಇಲ್ಲ. ಬಾಗಿಲಿನ ಕೀಲು, ಪಕ್ಕದ ಹಲಗೆ, ತಳದ ಪ್ಲೇಟು ಇವಕ್ಕೆ ಆ ನಂಬಿಕೆ ಸರಿಯೇ. ಆಕ್ಸಲ್ಲಿನ ವಿಷಯಕ್ಕೆ ಅದು ಸಲ್ಲುವುದಿಲ್ಲ.

ಏಕೆ ಸಲ್ಲುವುದಿಲ್ಲ ಎಂಬುದನ್ನು ಜಗತ್ತು ತುಂಬಾ ದುಬಾರಿಯಾಗಿ ಕಲಿತಿದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಮುಂದಿನ ಇಂಜಿನ್ನಿನ ಆಕ್ಸಲ್ ಮುರಿಯಿತು. ಹಿಂದಿನ ಗಾಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿಕೊಂಡು ಐವತ್ತಕ್ಕೂ ಹೆಚ್ಚು ಜನ ಸತ್ತರು. ಹೊರೆ ಮಿತಿ ಮೀರಿರಲಿಲ್ಲ, ಆದರೂ ಆಕ್ಸಲ್ ಏಕೆ ಮುರಿಯಿತು ಎಂಬ ಪ್ರಶ್ನೆ ಇಂಜಿನಿಯರುಗಳನ್ನು ಕಾಡಿತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಆಕ್ಸಲ್ಲುಗಳನ್ನು ವರ್ಷಗಟ್ಟಲೆ ತಿರುಗಿಸಿ ಬಾಗಿಸಿ ಪರೀಕ್ಷಿಸಿ ತೋರಿಸಿದ್ದು ಇದನ್ನೇ: ಒಮ್ಮೆಗೇ ಮುರಿಯಲಾರದಷ್ಟು ಕಡಿಮೆ ಭಾರವೂ ಲಕ್ಷಾಂತರ ಸಲ ಮತ್ತೆ ಮತ್ತೆ ಬಿದ್ದರೆ ಲೋಹ ದಣಿಯುತ್ತದೆ. ಮೂಲೆಯಿರುವಲ್ಲಿ, ಗೀರಿರುವಲ್ಲಿ ಸಣ್ಣ ಬಿರುಕು ಹುಟ್ಟುತ್ತದೆ. ಅದು ಸದ್ದಿಲ್ಲದೆ ಬೆಳೆದು ಒಂದು ದಿನ ಉಳಿದ ಭಾಗ ಒಟ್ಟಿಗೆ ಕಳಚಿಕೊಳ್ಳುತ್ತದೆ. ಟ್ರೇಲರಿನ ಆಕ್ಸಲ್ ಗುಂಡಿ ಬಿದ್ದ ರಸ್ತೆಯಲ್ಲಿ ಹೊರೆ ಹೊತ್ತು ಕುಣಿಯುವಾಗ ಆಗುವುದೂ ಇದೇ. ಗಟ್ಟಿ ಉಕ್ಕಿನ ಆಕ್ಸಲ್ಲಿಗೆ ಸರಿಯಾದ ಕ್ರಮವಿಲ್ಲದೆ ವೆಲ್ಡಿಂಗ್ ಹೊಡೆದರೆ ಬೆಸುಗೆಯ ಪಕ್ಕದ ಲೋಹ ಕಾದು, ಬೇಗ ತಣಿದು, ಪೆಡಸಾಗುತ್ತದೆ. ಹಳೆಯ ಬಿರುಕನ್ನು ಮುಚ್ಚಿದ ಬೆಸುಗೆಯೇ ಹೊಸ ಬಿರುಕಿಗೆ ಜಾಗ ಮಾಡಿಕೊಡುತ್ತದೆ. ಆದ್ದರಿಂದ ಆಕ್ಸಲ್ಲಿನ ಮೇಲೆ, ಅದರಲ್ಲೂ ಹಬ್ಬಿನೊಳಕ್ಕೆ ಹೋಗುವ ಗುಂಡನೆಯ ತುದಿಯ ಹತ್ತಿರ ವೆಲ್ಡಿಂಗಿನ ಗುರುತು ಕಂಡರೆ ಅದು ರಿಪೇರಿಯಾದ ಟ್ರೇಲರ್ ಅಲ್ಲ, ಆಕ್ಸಲ್ ಬದಲಿಸಬೇಕಾದ ಟ್ರೇಲರ್. ಹೊಸ ಆಕ್ಸಲ್ಲಿನ ಖರ್ಚು ಕಳೆದು ದರ ಕೇಳಬೇಕು, ಒಪ್ಪದಿದ್ದರೆ ಎದ್ದು ಬರಬೇಕು.

ಬಾಗಿದ ಆಕ್ಸಲ್ಲನ್ನು ಹಿಡಿಯಲು ಒಂದು ನೂಲುಂಡೆ ಸಾಕು. ಸಮತಟ್ಟಾದ ಜಾಗದಲ್ಲಿ ಟ್ರೇಲರ್ ನಿಲ್ಲಿಸಿ ಹಿಂದಿನಿಂದ ನೋಡಿದರೆ ಎರಡೂ ಚಕ್ರ ನೆಟ್ಟಗೆ ನಿಂತಿರಬೇಕು. ಹೆಚ್ಚು ಹೊರೆ ಹೊತ್ತ ಆಕ್ಸಲ್ ನಡುವೆ ಕೆಳಕ್ಕೆ ಬಾಗಿದಾಗ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಟಯರಿನ ಒಳ ಅಂಚು ಮಾತ್ರ ಬೇಗ ಸವೆಯುತ್ತದೆ. ಮುಂದಿನ ಬಳೆಯ ನಡುವಿನಿಂದ ಎಡ ಹಬ್ಬಿನ ನಡುವಿಗೆ ನೂಲು ಹಿಡಿದು ಗಂಟು ಹಾಕಬೇಕು. ಅದೇ ಗಂಟು ಬಲ ಹಬ್ಬಿಗೂ ತಾಳೆಯಾಗಬೇಕು. ಆಗದಿದ್ದರೆ ಆಕ್ಸಲ್ ಓರೆಯಾಗಿದೆ ಎಂದೇ ಅರ್ಥ. ಆ ಗಾಡಿ ಟ್ರ್ಯಾಕ್ಟರಿನ ಹಿಂದೆ ನೆಟ್ಟಗೆ ಬರುವುದಿಲ್ಲ, ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ, ಟಯರು ತಿನ್ನುತ್ತದೆ, ಕಿರಿದಾದ ಸೇತುವೆಯ ಮೇಲೆ ಎದುರಿನ ಗಾಡಿಗೆ ಹಿಂಭಾಗ ತಗುಲಿಸುತ್ತದೆ. ಓರೆಗೆ ಕಾರಣ ಬಹಳ ಸಲ ಪ್ಲೇಟ್ ಸ್ಪ್ರಿಂಗಿನ ನಡುವಿನ ಬೋಲ್ಟು ತುಂಡಾಗಿರುವುದು ಅಥವಾ ಯು ಬೋಲ್ಟು ಸಡಿಲವಾಗಿರುವುದು. ಅದಾದರೆ ಸಣ್ಣ ಖರ್ಚು. ಚಾಸಿಯೇ ತಿರುಚಿದ್ದರೆ ದೊಡ್ಡದು. ಯಾವುದು ಎಂದು ತಿಳಿಯಲು ಚಾಸಿಯ ಮೂಲೆಯಿಂದ ಮೂಲೆಗೆ ಅದೇ ನೂಲು ಎಳೆದು ಎರಡು ಕರ್ಣಗಳನ್ನು ಹೋಲಿಸಿದರಾಯಿತು.

ಹಬ್ಬುಗಳದ್ದು ಇನ್ನೊಂದು ಕಥೆ. ಜಾಕ್ ಕೊಟ್ಟು ಚಕ್ರ ಎತ್ತಿ, ಮೇಲೆ ಕೆಳಗೆ ಎರಡು ಕೈ ಹಿಡಿದು ಅಲುಗಿಸಿದಾಗ ಕಟಕಟ ಆಡಿದರೆ ಬೇರಿಂಗ್ ಸಡಿಲವಾಗಿದೆ ಅಥವಾ ಸವೆದಿದೆ. ತಿರುಗಿಸಿ ಬಿಟ್ಟಾಗ ಗರಗರ ಸದ್ದು ಬಂದರೆ ಸವೆದೇ ಇದೆ. ಮುಚ್ಚಳ ಬಿಚ್ಚಿ ಗ್ರೀಸ್ ನೋಡಲೇಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕೆಸರು ಗದ್ದೆಗೆ ಇಳಿಯುವ, ಕಾಲುವೆಯಲ್ಲಿ ತೊಳೆಸಿಕೊಳ್ಳುವ ಟ್ರೇಲರುಗಳಲ್ಲಿ ಇದು ಸಾಮಾನ್ಯ. ಎರಡು ಬೆರಳ ನಡುವೆ ತಿಕ್ಕಿದಾಗ ಬೆಳ್ಳಿಯ ಪುಡಿಯಂತೆ ಮಿನುಗಿದರೆ ಬೇರಿಂಗ್ ಪುಡಿಯಾಗುತ್ತಿದೆ. ರೋಲರುಗಳು ನೀಲಿಗಟ್ಟಿದ್ದರೆ ಅವು ಒಮ್ಮೆ ಕಾದು ಕೆಂಡವಾಗಿದ್ದವು. ಚಕ್ರ ಬಿಚ್ಚಿದಾಗಲೇ ರಿಮ್ಮಿನ ನಟ್ಟಿನ ತೂತುಗಳನ್ನೂ ನೋಡಿಬಿಡಬೇಕು. ತೂತು ಅಗಲವಾಗಿದ್ದರೆ, ಸುತ್ತ ತುಕ್ಕಿನ ಗೆರೆ ಹರಡಿದ್ದರೆ ಆ ಚಕ್ರ ಸಡಿಲ ನಟ್ಟಿನಲ್ಲೇ ಬಹಳ ದೂರ ಓಡಿದೆ. ಇದನ್ನೆಲ್ಲ ನೋಡಲು ಒಂದು ಚಕ್ರ ಬಿಚ್ಚಿಸಬೇಕಾಗುತ್ತದೆ, ಮಾರುವವನ ಮುಖ ಸಣ್ಣದಾಗುತ್ತದೆ. ಅದಕ್ಕೆ ಅಳುಕಬಾರದು.

ನಮ್ಮಲ್ಲಿ ಹಳೆಯ ಟ್ರೇಲರಿನ ದರವನ್ನು ನಿರ್ಧರಿಸುವುದು ಟಯರು. "ಟಯರು ಎಂಬತ್ತು ಪರ್ಸೆಂಟ್ ಇದೆ" ಎಂದರೆ ಹತ್ತಿಪ್ಪತ್ತು ಸಾವಿರ ಏರಿಬಿಡುತ್ತದೆ. ಇಡೀ ಟ್ರೇಲರಿನಲ್ಲಿ ಅತಿ ಸುಲಭವಾಗಿ ಬದಲಿಸಬಹುದಾದ ವಸ್ತುವಿಗೆ ಇಷ್ಟು ಬೆಲೆ ಕೊಟ್ಟು, ಬದಲಿಸಲು ಕಷ್ಟವಾದದ್ದನ್ನು ಪುಕ್ಕಟೆ ಎಂದುಕೊಳ್ಳುವುದು ತಲೆಕೆಳಗಾದ ಲೆಕ್ಕ. ಅಲ್ಲದೆ ಟಯರನ್ನೂ ಸರಿಯಾಗಿ ನೋಡುವುದಿಲ್ಲ. ಅದರ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 2316 ಎಂದಿದ್ದರೆ 2016ರ ಇಪ್ಪತ್ಮೂರನೆಯ ವಾರ. ಗಟ್ಟೆ ಎಷ್ಟೇ ಎತ್ತರವಿದ್ದರೂ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಟಯರಿನ ಪಕ್ಕದ ಗೋಡೆ ಸೀಳುಬಿಟ್ಟಿರುತ್ತದೆ. ಲಾರಿಯಿಂದ ಬಿಚ್ಚಿದ ಟಯರಿಗೆ ಮೇಲುಹೊದಿಕೆ ಹಾಕಿಸಿ ಮಾರಾಟದ ಹೊತ್ತಿಗೆ ಏರಿಸುವುದು ಹೊಸ ವಿದ್ಯೆಯೇನೂ ಅಲ್ಲ.

ಹೊಸ ಬಣ್ಣದ ಮಾತು ಬಂದರೆ ಹೇಳಬೇಕಾದದ್ದು ಸ್ವಲ್ಪವೇ. ವರ್ಷವರ್ಷ ಆಯುಧಪೂಜೆಗೆ ತುಕ್ಕು ಕೆರೆದು ರೆಡ್ ಆಕ್ಸೈಡ್ ಹಚ್ಚಿ ಬಣ್ಣ ಬಳಿಯುವ ಮನೆಯ ಟ್ರೇಲರಿಗೆ ನಿಜವಾಗಿಯೂ ಹೆಚ್ಚು ಬೆಲೆ ಕೊಡಬಹುದು. ಆದರೆ ಗ್ರೀಸ್ ನಿಪ್ಪಲ್ಲಿನ ಬಾಯಿಗೂ, ಟಯರಿನ ಅಂಚಿಗೂ, ಚಾಸಿ ನಂಬರಿನ ಮೇಲೂ ಹರಿದ ಬಣ್ಣ ಮಾರಾಟಕ್ಕೆಂದೇ ಬಳಿದದ್ದು. ಅಂಥ ಬಣ್ಣದ ಕೆಳಗೆ ಏನಿದೆ ಎಂದು ಕೆರೆದು ನೋಡುವ ಹಕ್ಕು ಕೊಳ್ಳುವವನಿಗಿದೆ.

ಬಣ್ಣಕ್ಕಿಂತ ಹೆಚ್ಚು ಹೇಳುವುದು ಆ ಟ್ರೇಲರ್ ಇಷ್ಟು ದಿನ ಹೊತ್ತ ಸಾಮಾನು. ಯಾರೂ ಕೇಳದ, ಮೊದಲು ಕೇಳಬೇಕಾದ ಪ್ರಶ್ನೆ ಇದು. ಹುಲ್ಲು ಹೊತ್ತ ಟ್ರೇಲರಿಗೆ ಅಷ್ಟಾಗಿ ಏನೂ ಆಗಿರುವುದಿಲ್ಲ. ತಿಪ್ಪೆಗೊಬ್ಬರ, ಕೋಳಿಗೊಬ್ಬರ ಹೊತ್ತದ್ದರ ತಳದ ಪ್ಲೇಟು ಮೇಲಿನಿಂದಲೇ ತಿಂದುಹೋಗಿರುತ್ತದೆ. ರಸಗೊಬ್ಬರದ ಚೀಲ ಒಡೆದು ಸಂದಿಗಳಲ್ಲಿ ಉಳಿದ ಪುಡಿ ತೇವ ಹೀರಿಕೊಂಡು ಚಾನೆಲ್ಲನ್ನೇ ತಿನ್ನುತ್ತದೆ. ಹಸಿ ಮರಳು ಹೊತ್ತದ್ದರಲ್ಲಿ ಮೂಲೆಗಳು ಕೊಳೆತಿರುತ್ತವೆ. ಇಟ್ಟಿಗೆ ಭಟ್ಟಿ, ಜಲ್ಲಿ ಕ್ರಷರ್‌ಗಳಲ್ಲಿ ದುಡಿದದ್ದಾದರೆ ಪ್ಲೇಟು ಉಬ್ಬುತಗ್ಗಾಗಿ, ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿ ಮಲಗಿರುತ್ತವೆ. ಕಬ್ಬು ಹೊತ್ತದ್ದರ ಪ್ಲೇಟು ಲಕ್ಷಣವಾಗಿಯೇ ಇರಬಹುದು, ಆದರೆ ಹಂಗಾಮಿನುದ್ದಕ್ಕೂ ಹೆಚ್ಚುಹೊರೆಯಲ್ಲಿ ದೂರದೂರ ಓಡಿ ಮುಂದಿನ ತ್ರಿಕೋನವೂ ಆಕ್ಸಲ್ಲೂ ದಣಿದಿರುತ್ತವೆ. ಮಾರುವವನು ಹುಲ್ಲು ಎಂದರೂ ಟ್ರೇಲರ್ ಸುಳ್ಳು ಹೇಳುವುದಿಲ್ಲ. ತಳದ ಕೆಳಗೆ ಟಾರ್ಚ್ ಹಾಕಿದರೆ ಸಾಕು. ತೂತಾದ ಪ್ಲೇಟನ್ನು ಕತ್ತರಿಸದೆ ಅದರ ಮೇಲೆಯೇ ಹೊಸ ಪ್ಲೇಟು ಹಾಸಿ ಬೆಸೆದಿರುವುದು ಬಲು ಸಾಮಾನ್ಯ. ಎರಡು ಪ್ಲೇಟಿನ ನಡುವೆ ನೀರು ನಿಂತು ಹೊಸದನ್ನೂ ತಿನ್ನುತ್ತಿರುತ್ತದೆ. ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದರೆ ಗಟ್ಟಿ ಪ್ಲೇಟು ಖಣ್ಣನೆ ನುಡಿಯುತ್ತದೆ, ಕೊಳೆತದ್ದು ದೊಪ್ಪನೆ ಸದ್ದು ಮಾಡಿ ತುಕ್ಕಿನ ಹೊಪ್ಪಳೆ ಉದುರಿಸುತ್ತದೆ.

ಟಿಪ್ಪಿಂಗ್ ಟ್ರೇಲರಾದರೆ ಹೈಡ್ರಾಲಿಕ್ ಜಾಕನ್ನು ಪೂರ್ತಿ ಎತ್ತಿಸಿ, ಸ್ವಲ್ಪ ಹೊತ್ತು ಬಿಟ್ಟು, ತಾನಾಗಿ ಇಳಿಯುತ್ತದೆಯೇ ನೋಡಬೇಕು. ಗಟ್ಟಿ ಆಧಾರ ಕೊಡದೆ ಎತ್ತಿದ ಬಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಜಾಕಿಗೆ ಎಣ್ಣೆ ಬರುವುದು ಟ್ರ್ಯಾಕ್ಟರಿನಿಂದಲೇ, ತಿರುಗಿ ಹೋಗುವುದೂ ಅಲ್ಲಿಗೇ. ಕೊಳಕು ಜಾಕು ಕಟ್ಟಿದರೆ ಕೆಡುವುದು ಟ್ರ್ಯಾಕ್ಟರಿನ ಪಂಪು.

ಮೂರನೆಯ ವಾದ ಕಾಗದಪತ್ರದ್ದು. "ಇಂಜಿನ್ನಿಗೆ ಆರ್‌ಸಿ ಇದೆಯಲ್ಲ, ಟ್ರೇಲರಿಗೇಕೆ? ನಮ್ಮೂರಿನವನದೇ ಗಾಡಿ." ಊರಿನವನ ಮೇಲಿನ ನಂಬಿಕೆ ದೊಡ್ಡದೇ. ಆದರೆ ಕಾನೂನಿನ ಕಣ್ಣಿನಲ್ಲಿ ಟ್ರೇಲರ್ ಟ್ರ್ಯಾಕ್ಟರಿನ ಬಾಲವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2ನೆಯ ಸೆಕ್ಷನ್ನಿನಲ್ಲಿ 'ಮೋಟಾರು ವಾಹನ' ಎಂಬುದರ ವ್ಯಾಖ್ಯೆಯೊಳಗೇ ಟ್ರೇಲರನ್ನೂ ಸೇರಿಸಿದ್ದಾರೆ. 61ನೆಯ ಸೆಕ್ಷನ್ ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕೆನ್ನುತ್ತದೆ. ಅದರ ಸ್ವಂತ ನಂಬರು ಪಕ್ಕದಲ್ಲಿರಬೇಕು, ಎಳೆಯುವ ಟ್ರ್ಯಾಕ್ಟರಿನ ನಂಬರೂ ಟ್ರೇಲರಿನ ಮೇಲೆ ಕಾಣಬೇಕು. ಎರಡು ಟ್ರೇಲರ್ ಇದ್ದರೆ ಕೊನೆಯದರ ಮೇಲೆ. ಅಪಘಾತವಾದಾಗ ನಮ್ಮ ಪೊಲೀಸರು ದೂರಿನಲ್ಲಿ ಇಂಜಿನ್ ನಂಬರು ಬೇರೆ, ಟ್ರಾಲಿ ನಂಬರು ಬೇರೆ ಎಂದು ಬರೆದುಕೊಳ್ಳುವುದು ಸುಮ್ಮನೆ ಅಲ್ಲ.

ಈ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಕರ್ನಾಟಕದಿಂದಲೇ. ನಟ್ವರ್ ಪಾರೀಖ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಟ್ರ್ಯಾಕ್ಟರಿಗೆ ಟ್ರೇಲರ್ ಕೂಡಿದಾಗ ಅದು ಸರಕು ಸಾಗಣೆ ವಾಹನವಾಗುತ್ತದೆ ಎಂದು ನ್ಯಾಯಾಲಯ 2005ರಲ್ಲಿ ಹೇಳಿತು. ಅಂದಮೇಲೆ ಹೊಲದ ಕೆಲಸಕ್ಕೆಂದು ಕೊಂಡ ಟ್ರೇಲರನ್ನು ಬಾಡಿಗೆಗೆ ಬಿಡುವವರಿಗೆ ತೆರಿಗೆ, ಪರ್ಮಿಟ್, ವಿಮೆ ಎಲ್ಲದರ ಲೆಕ್ಕ ಬದಲಾಗುತ್ತದೆ. ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಟ್ರೇಲರಿನ ಹೆಸರೇ ಇಲ್ಲದಿದ್ದರೆ, ಅಪಘಾತದ ಪರಿಹಾರ ಕೇಳಿದಾಗ ವಿಮಾ ಕಂಪನಿ ಮೊದಲು ಹಿಡಿಯುವ ತಕರಾರು ಅದೇ.

ಮಾರುವವನಿಗೂ ಇದರಲ್ಲಿ ಪಾಲಿದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಒಂದು ಕಾರು ಹಲವು ಕೈ ದಾಟಿ ಮಾರಾಟವಾಗಿತ್ತು, ಆದರೆ ನೋಂದಣಿ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಕಾರು ಅಪಘಾತ ಮಾಡಿದಾಗ ಹೊಣೆ ಯಾರದು? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಹೊಣೆ ಅವನದೇ. ಟ್ರೇಲರಿಗೆ ಅನ್ವಯಿಸುವುದೂ ಇದೇ ಕಾಯ್ದೆ. ಖಾಲಿ ಹಾಳೆಯ ಮೇಲೆ "ಮಾರಿದ್ದೇನೆ" ಎಂದು ಬರೆಸಿಕೊಂಡು ಇಬ್ಬರು ಸಾಕ್ಷಿಗಳ ರುಜು ಹಾಕಿಸಿದರೆ ಮಾರಿದವನು ಬಿಡುಗಡೆ ಹೊಂದುವುದಿಲ್ಲ. ಫಾರಂ 29 ಮತ್ತು 30 ಭರ್ತಿಯಾಗಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವನು ಹದಿನಾಲ್ಕು ದಿನದಲ್ಲಿ, ಕೊಂಡವನು ಮೂವತ್ತು ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸಿನದೋ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಚಾಸಿಯ ಮೇಲೆ ಒತ್ತಿದ ನಂಬರು ಆರ್‌ಸಿಯ ನಂಬರಿಗೆ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ನಂಬರಿರುವ ಜಾಗವನ್ನು ಗ್ರೈಂಡರಿನಿಂದ ತಿಕ್ಕಿದ್ದರೆ ಅಲ್ಲಿಗೇ ಮಾತು ನಿಲ್ಲಿಸುವುದು ಒಳ್ಳೆಯದು. ಕದ್ದ ಟ್ರೇಲರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊನೆಗೆ ಠಾಣೆಯ ಅಂಗಳದಲ್ಲಿ ನಿಲ್ಲುತ್ತದೆ.

"ನಮ್ಮದು ಹೊಲಕ್ಕೆ ಮಾತ್ರ, ರೋಡಿಗೆ ಹೋಗುವುದಿಲ್ಲ" ಎನ್ನುವುದು ನಾಲ್ಕನೆಯದು. ಕರ್ನಾಟಕದಲ್ಲಿ ರಸ್ತೆಗೆ ಹೋಗದ ಟ್ರೇಲರ್ ಇಲ್ಲ. ಸಕ್ಕರೆ ಉತ್ಪಾದನೆಯಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರಗಳ ನಂತರ ನಿಲ್ಲುವ ರಾಜ್ಯ ಇದು. ಹಂಗಾಮು ಬಂದರೆ ಅಥಣಿ, ಚಿಕ್ಕೋಡಿ, ಗೋಕಾಕ, ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಕಬ್ಬು ರಾತ್ರಿಯೆಲ್ಲ ಸಾಗುತ್ತದೆ. ಟ್ರ್ಯಾಕ್ಟರ್ ತೂಗುವುದು ಎರಡು ಟನ್ನಿನ ಆಸುಪಾಸು. ಹಿಂದಿನ ಎರಡು ಟ್ರೇಲರಿನ ಹೊರೆ ಹದಿನೈದು ಟನ್ ದಾಟುವುದು ಸಾಮಾನ್ಯ. ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರಿನ ಬ್ರೇಕ್ ತುಳಿದಾಗ ಹಿಂದಿನ ಭಾರ ನಿಲ್ಲುವುದಿಲ್ಲ, ಮುಂದಿನದನ್ನು ತಳ್ಳುತ್ತದೆ. ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಬ್ರೇಕ್ ಇರುವ ಹಳೆಯ ಟ್ರೇಲರ್ ಎಲ್ಲಾದರೂ ಸಿಕ್ಕರೆ ಒಳ್ಳೆಯ ಟಯರಿಗೆ ಕೊಡುವ ಹೆಚ್ಚಿನ ಹಣವನ್ನು ಅದಕ್ಕೆ ಕೊಡಬೇಕು. ಹಿಂದಿನ ಕೆಂಪು ರಿಫ್ಲೆಕ್ಟರ್, ದೀಪದ ವಯರಿಂಗ್ ಇವು ಇದ್ದರೆ ಇರಲಿ ಎನ್ನುವ ಅಲಂಕಾರಗಳಲ್ಲ. ಕತ್ತಲಲ್ಲಿ ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬೈಕಿನವರು ಬಂದು ಬಡಿದ ಸುದ್ದಿ ಯಾವ ಹಂಗಾಮಿನಲ್ಲೂ ತಪ್ಪಿದ್ದಿಲ್ಲ.

ಸಾಮಾನಷ್ಟೇ ಅಲ್ಲ, ಜನರೂ ಟ್ರೇಲರ್ ಹತ್ತುತ್ತಾರೆ: ಕೂಲಿಗೆ, ಜಾತ್ರೆಗೆ, ಮದುವೆಗೆ. ಕಾನೂನು ಒಪ್ಪುವುದಿಲ್ಲ, ಆದರೂ ಹತ್ತುತ್ತಾರೆ. 2022ರ ಅಕ್ಟೋಬರ್ 1ರ ರಾತ್ರಿ ಕಾನ್ಪುರ ಜಿಲ್ಲೆಯ ಘಾಟಂಪುರದ ಬಳಿ, 2024ರ ಫೆಬ್ರವರಿ 24ರಂದು ಅದೇ ಉತ್ತರ ಪ್ರದೇಶದ ಕಾಸಗಂಜ್‌ನಲ್ಲಿ ಭಕ್ತರನ್ನು ಹೊತ್ತ ಟ್ರ್ಯಾಕ್ಟರ್ ಟ್ರಾಲಿಗಳು ಹೊಂಡಕ್ಕೆ ಮಗುಚಿ ಒಂದೊಂದರಲ್ಲೂ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು, ಹೆಚ್ಚಿನವರು ಹೆಂಗಸರು, ಮಕ್ಕಳು. ಅಲ್ಲಿ ಹತೋಟಿ ತಪ್ಪಿದ್ದು ಚಾಲನೆಯಲ್ಲಿ, ಆಕ್ಸಲ್ ಮುರಿದು ಅಲ್ಲ. ಆದರೂ ಇಂಜಿನ್ ಇಲ್ಲದ ಗಾಡಿ ಬರೀ ಕಬ್ಬಿಣ ಎನ್ನುವವರು ಆ ಎರಡು ಊರುಗಳನ್ನು ನೆನೆಯಬೇಕು. ಸತ್ತವರು ಕೂತಿದ್ದದ್ದು ಇಂಜಿನ್ನಿನ ಮೇಲಲ್ಲ.

ಕೊನೆಗೊಂದು ಆಕ್ಷೇಪವಿದೆ, ಅದನ್ನು ಗೌರವದಿಂದಲೇ ಕೇಳಬೇಕು. ಹೊಸದು ಕೊಳ್ಳಲಾಗದವನು ಹಳೆಯದಕ್ಕೆ ಹೋಗುತ್ತಾನೆ, ಅವನಿಗೆ ಆರಿಸುವಷ್ಟು ಪುರುಸೊತ್ತೂ ದುಡ್ಡೂ ಎಲ್ಲಿ ಎಂಬುದು. ಕಷ್ಟ ನಿಜವೇ. ಆದರೆ ಹಬ್ಬು ಹಾಳಾದ ಟ್ರೇಲರ್ ಸುಗ್ಗಿಯ ನಡುವೆ ಕೈಕೊಟ್ಟರೆ ಹೊಡೆತ ಬೀಳುವುದು ಇವನಿಗೇ, ಎರಡನೆಯ ಟ್ರೇಲರ್ ಇರುವ ದೊಡ್ಡ ರೈತನಿಗಲ್ಲ. ಅಲ್ಲದೆ ಇಲ್ಲಿ ಹೇಳಿದ ಪರೀಕ್ಷೆಗಳಿಗೆ ಬೇಕಾದದ್ದು ಒಂದು ಜಾಕು, ಸುತ್ತಿಗೆ, ವಯರ್ ಬ್ರಶ್ಶು, ನೂಲು, ಟಾರ್ಚು, ಸೀಮೆಸುಣ್ಣ, ಸ್ವಲ್ಪ ಡೀಸೆಲ್ಲು ಮತ್ತು ಒಂದು ಬೆಳಗಿನ ಹೊತ್ತು. ಇವುಗಳಲ್ಲಿ ಬಹುಪಾಲು ಮನೆಯಲ್ಲೇ ಇರುತ್ತವೆ. ಮನೆಯಲ್ಲಿ ಇಲ್ಲದಿರುವುದು, ಇದನ್ನು ಹೇಗೆ ನೋಡಬೇಕೆಂದು ತೋರಿಸಿಕೊಡುವವರು.

ಭಾರತೀಯ ಮಾನಕ ಬ್ಯೂರೋ ಕೃಷಿ ಟ್ರೇಲರಿಗೆಂದೇ ಮಾನದಂಡ ಹೊರಡಿಸಿದೆ, ಆದರೆ ಊರಿನ ಶೆಡ್ಡುಗಳಲ್ಲಿ ತಯಾರಾದ ಹಳೆಯ ಟ್ರೇಲರುಗಳನ್ನು ಕೊಳ್ಳುವವನಿಗೆ ಅದರಿಂದ ಬಂದ ಉಪಯೋಗ ಕಡಿಮೆ. ಬೆಂಗಳೂರಿನ ಜಿಕೆವಿಕೆಯಲ್ಲಿ, ಧಾರವಾಡದಲ್ಲಿ ನಡೆಯುವ ಕೃಷಿ ಮೇಳಗಳಲ್ಲಿ ಹೊಳೆಯುವ ಹೊಸ ಯಂತ್ರಗಳ ಸಾಲುಸಾಲೇ ನಿಂತಿರುತ್ತದೆ. ಅದರ ಪಕ್ಕದಲ್ಲಿ ಒಂದು ಹಳೆಯ ಟ್ರೇಲರ್ ನಿಲ್ಲಿಸಿ, ಚಕ್ರ ಬಿಚ್ಚಿ, ಕೆಟ್ಟ ಬೇರಿಂಗ್ ಹೇಗಿರುತ್ತದೆ, ಬಿರುಕಿನ ಗೆರೆ ಸುಣ್ಣದ ಮೇಲೆ ಹೇಗೆ ಮೂಡುತ್ತದೆ ಎಂದು ರೈತರ ಕೈಯಲ್ಲೇ ಮಾಡಿಸಿದರೆ ಸಾವಿರಾರು ಜನ ಕಲಿತು ಹೋಗುತ್ತಾರೆ. ಸಕ್ಕರೆ ಕಾರ್ಖಾನೆಗಳ ಹೊಣೆ ಇನ್ನೂ ದೊಡ್ಡದು. ಸಾಗಣೆಯವರಿಗೆ ಮುಂಗಡ ಕೊಟ್ಟು ಟ್ರೇಲರುಗಳನ್ನು ಗೇಟಿಗೆ ಕರೆಸಿಕೊಳ್ಳುವವರು ಅವರೇ. ಕಬ್ಬು ನುರಿಸಲು ಶುರು ಮಾಡುವ ಮೊದಲ ವಾರ ಯಾರ್ಡಿನಲ್ಲಿ ಎರಡು ಜಾಕು, ಒಬ್ಬ ಫಿಟ್ಟರ್, ಒಬ್ಬ ಸಹಾಯಕನನ್ನು ಕೂರಿಸಿ, ಬಳೆ, ಆಕ್ಸಲ್, ಹಬ್ಬು, ರಿಫ್ಲೆಕ್ಟರ್ ನೋಡದೆ ಯಾವ ಟ್ರೇಲರನ್ನೂ ಒಳಗೆ ಬಿಡುವುದಿಲ್ಲ ಎಂದು ನಿಲ್ಲಬೇಕು. ಆಗ ಕೆಟ್ಟ ಆಕ್ಸಲ್ಲಿನ ಟ್ರೇಲರಿಗೆ ಬಾಡಿಗೆ ಸಿಗುವುದು ನಿಲ್ಲುತ್ತದೆ, ಬಾಡಿಗೆ ಸಿಗದ ಟ್ರೇಲರಿನ ಮರುಮಾರಾಟದ ದರ ಇಳಿಯುತ್ತದೆ, ಕೊಳ್ಳಲು ಬಂದವನು ಕೆಳಗೆ ಬಗ್ಗಿದಾಗ ಜೊತೆಯವರೂ ಅವನ ಪಕ್ಕದಲ್ಲಿ ಬಗ್ಗುತ್ತಾರೆ.